‘ಅವರೆಲ್ಲ ಹಾಗೆಯೇ’ ಎನ್ನುವ ಮುನ್ನ

ಸಹೋದರಿಯರೇ,

ಹದಿಹರೆಯದ ಹೆಣ್ಣು ಮಕ್ಕಳಿರುವ ಮನೆಗಳಲ್ಲಿ ಇಂದು ಕೊರಿಯಾ ಎಂಬ ಹೆಸರು ಹೊಸದಲ್ಲ. ಅಲ್ಲಿನ ಧಾರಾವಾಹಿಗಳು ಮೊಬೈಲಿನೊಳಗೆ ಬಂದು ಕುಳಿತಿವೆ. ಅಲ್ಲಿನ ಹಾಡುಗಾರರ ಹೆಸರುಗಳನ್ನು ಮಕ್ಕಳು ಮಗ್ಗಿಯಂತೆ ಒಪ್ಪಿಸುತ್ತಾರೆ. ಈ ವಿಷಯ ಬಂದಾಗ ಮನೆಗಳಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. ‘ಕೊರಿಯಾದವರು ಎಷ್ಟು ಮರ್ಯಾದಸ್ಥರು, ಹಿರಿಯರನ್ನು ಕಂಡರೆ ತಲೆ ಬಾಗಿಸುತ್ತಾರೆ’ ಎಂದು ಮಗಳು ಹೇಳುತ್ತಾಳೆ. ‘ಅವರು ನಾಯಿ ತಿನ್ನುವವರಲ್ಲವೇ?’ ಎಂದು ತಾಯಿ ಕೇಳುತ್ತಾಳೆ. ಮಗಳ ಮಾತಿನಲ್ಲಿ ಮೆಚ್ಚುಗೆಯಿದೆ, ತಾಯಿಯ ಮಾತಿನಲ್ಲಿ ಹೇಸಿಗೆಯಿದೆ. ಆದರೆ ಇಬ್ಬರೂ ಮಾಡುತ್ತಿರುವ ಕೆಲಸ ಒಂದೇ. 5 ಕೋಟಿಗೂ ಹೆಚ್ಚು ಜನರಿರುವ ಒಂದು ದೇಶವನ್ನು ಒಂದೇ ಮಾತಿನಲ್ಲಿ ತೂಗಿ ಬದಿಗಿಡುತ್ತಿದ್ದಾರೆ.

‘ಅವರೆಲ್ಲ ಹಾಗೆಯೇ’ ಎಂಬ ಈ ಮಾತಿನ ಬಗ್ಗೆ ಈ ತಿಂಗಳು ನಿಮ್ಮೊಡನೆ ಮಾತನಾಡಬೇಕೆಂದಿದ್ದೇನೆ. ಉದಾಹರಣೆಗೆ ದಕ್ಷಿಣ ಕೊರಿಯಾವನ್ನೇ ಆರಿಸಿಕೊಂಡಿದ್ದೇನೆ. ಏಕೆಂದರೆ ಅಲ್ಲಿ ನೆಲೆಸಿರುವ ಪಾಶ್ಚಾತ್ಯರು ಮತ್ತು ಅಲ್ಲಿನ ಸ್ಥಳೀಯರು ಪರಸ್ಪರರ ಬಗ್ಗೆ ಏನೆಲ್ಲಾ ಭಾವಿಸಿಕೊಂಡರು, ಆ ಭಾವನೆಗಳು ಹೇಗೆ ಪತ್ರಿಕೆಗೆ ಬಂದವು, ಟಿ.ವಿ.ಗೆ ಬಂದವು, ಕೊನೆಗೆ ಕಾನೂನಿಗೂ ಬಂದವು ಎಂಬುದರಲ್ಲಿ ನಮಗೆ ಕಲಿಯಲು ಬಹಳವಿದೆ. ಇನ್ನೊಬ್ಬರ ಜಗಳವನ್ನು ದೂರದಿಂದ ನೋಡುವಾಗ ಸರಿ ತಪ್ಪುಗಳು ನಮಗೆ ಸ್ಪಷ್ಟವಾಗಿ ಕಾಣುತ್ತವೆ. ಹಾಗೆ ಕಂಡದ್ದನ್ನು ನಮ್ಮ ಅಂಗಳಕ್ಕೆ ತಂದು ನೋಡುವುದು ಮಾತ್ರ ಕಷ್ಟ.

ಊಟವಾಯಿತೇ?

ಕೊರಿಯಾಕ್ಕೆ ಪಾಶ್ಚಾತ್ಯರು ಬರತೊಡಗಿ ಬಹಳ ಕಾಲವಾಯಿತು. ಮೊದಲು ಕ್ರೈಸ್ತ ಮಿಷನರಿಗಳು ಬಂದರು. 1950ರಲ್ಲಿ ಯುದ್ಧ ಆರಂಭವಾದಾಗ ಅಮೆರಿಕದ ಸೈನಿಕರು ಬಂದರು, ಅವರು ಇಂದಿಗೂ ಸಾವಿರಾರು ಸಂಖ್ಯೆಯಲ್ಲಿ ಅಲ್ಲಿದ್ದಾರೆ. 1995ರಲ್ಲಿ ಅಲ್ಲಿನ ಸರಕಾರವೇ ಶಾಲೆಗಳಿಗೆ ಇಂಗ್ಲಿಷ್ ಮಾತೃಭಾಷೆಯ ಶಿಕ್ಷಕರನ್ನು ಕರೆತರುವ ಯೋಜನೆಯನ್ನು ಆರಂಭಿಸಿತು. ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಝಿಲೆಂಡ್, ದಕ್ಷಿಣ ಆಫ್ರಿಕಾ ಎಂಬ ಏಳು ದೇಶಗಳಿಂದ ಯುವಕ ಯುವತಿಯರು ಶಾಲೆಗಳಿಗೂ ‘ಹಾಗ್ವೊನ್’ ಎಂಬ ಖಾಸಗಿ ಟ್ಯೂಷನ್ ಕೇಂದ್ರಗಳಿಗೂ ಬಂದರು.

ಹೀಗೆ ಬಂದ ಪಾಶ್ಚಾತ್ಯರು ಕೊರಿಯನ್ನರ ಬಗ್ಗೆ ಮೊದಲು ಹೇಳುವ ದೂರು, ‘ಇವರಿಗೆ ಇನ್ನೊಬ್ಬರ ವಿಷಯದಲ್ಲಿ ಮೂಗು ತೂರಿಸುವ ಚಟ’ ಎಂಬುದು. ಪರಿಚಯವಾಗಿ ಐದು ನಿಮಿಷವಾಗಿರುವುದಿಲ್ಲ, ವಯಸ್ಸೆಷ್ಟು ಎಂದು ಕೇಳುತ್ತಾರೆ. ಮದುವೆಯಾಗಿದೆಯೇ ಎಂದು ಕೇಳುತ್ತಾರೆ. ಇಲ್ಲವೆಂದರೆ ಏಕಿಲ್ಲ ಎಂದೂ ಕೇಳುತ್ತಾರೆ. ದಿನಾ ಸಿಕ್ಕಾಗಲೆಲ್ಲಾ ‘ಬಾಪ್ ಮೊಗೊಸ್ಸೊಯೋ?’ ಎನ್ನುತ್ತಾರೆ. ‘ಊಟವಾಯಿತೇ?’ ಎಂದು ಅದರ ಅರ್ಥ. ಹೊಸದಾಗಿ ಬಂದ ಪಾಶ್ಚಾತ್ಯನಿಗೆ ಗೊಂದಲ. ಇವರು ನನ್ನನ್ನು ಊಟಕ್ಕೆ ಕರೆಯುತ್ತಿದ್ದಾರೆಯೇ? ನಾನು ಉಂಡರೆ ಇವರಿಗೇನು, ಬಿಟ್ಟರೆ ಇವರಿಗೇನು?

ಸಹೋದರಿಯರೇ, ಕನ್ನಡ ಮಾತನಾಡುವ ನಮಗೆ ಈ ಪ್ರಶ್ನೆಯನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಬೇಲಿಯಾಚೆಯ ಮನೆಯಾಕೆ ‘ಊಟ ಆಯ್ತಾ?’ ಎಂದು ಕೇಳಿದರೆ ಅವಳು ನಮ್ಮ ಅಡುಗೆ ಮನೆಯ ಲೆಕ್ಕ ತೆಗೆಯುತ್ತಿಲ್ಲ. ‘ನಿನ್ನನ್ನು ಕಂಡೆ, ನೀನು ಕ್ಷೇಮವೇ?’ ಎಂಬುದನ್ನು ಅವಳು ಅನ್ನದ ಮಾತಿನಲ್ಲಿ ಕೇಳುತ್ತಿದ್ದಾಳೆ. ಹಸಿವನ್ನು ಕಂಡ ನಾಡುಗಳಲ್ಲಿ ಕ್ಷೇಮ ಸಮಾಚಾರವೆಂದರೆ ಅನ್ನದ ಸಮಾಚಾರವೇ ಆಗಿರುತ್ತದೆ. 1950ರ ದಶಕದ ಯುದ್ಧದ ಬಳಿಕ ಕೊರಿಯಾ ಅತ್ಯಂತ ಬಡ ದೇಶಗಳಲ್ಲಿ ಒಂದಾಗಿತ್ತು ಎಂಬುದು ಇಂದಿನ ಧಾರಾವಾಹಿಗಳ ಬಂಗಲೆಗಳನ್ನು ನೋಡುವ ನಮ್ಮ ಮಕ್ಕಳಿಗೆ ಗೊತ್ತಿಲ್ಲ.

ವಯಸ್ಸಿನ ಪ್ರಶ್ನೆಯೂ ಹಾಗೆಯೇ. ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ ‘ಯೂ’. ಕೊರಿಯನ್ ಭಾಷೆಯಲ್ಲಾದರೋ ಎದುರಿಗಿರುವವರು ಹಿರಿಯರೋ ಕಿರಿಯರೋ ಎಂಬುದನ್ನು ತಿಳಿಯದೆ ಒಂದು ವಾಕ್ಯವನ್ನೂ ನೆಟ್ಟಗೆ ಮುಗಿಸಲಾಗುವುದಿಲ್ಲ. ಕ್ರಿಯಾಪದದ ಕೊನೆಯೇ ಬದಲಾಗುತ್ತದೆ. ನಮ್ಮ ‘ಬಾ’ ಮತ್ತು ‘ಬನ್ನಿ’ ಇದ್ದಂತೆ. ಉರ್ದು ಮಾತನಾಡುವ ಮನೆಗಳಲ್ಲಿ ‘ತೂ’, ‘ತುಮ್’, ‘ಆಪ್’ ಇದ್ದಂತೆ. ಕೊರಿಯನ್ನರು ವಯಸ್ಸು ಕೇಳುವುದು ನಿಮ್ಮನ್ನು ಯಾವ ಮರ್ಯಾದೆಯಲ್ಲಿ ಕರೆಯಬೇಕೆಂದು ತಿಳಿಯುವುದಕ್ಕೆ. ಅಲ್ಲಿ ಹಿಂದೆ ಮಗು ಹುಟ್ಟಿದ ದಿನವೇ ಅದಕ್ಕೆ ಒಂದು ವರ್ಷವೆಂದು ಎಣಿಸಿ, ಹೊಸ ವರ್ಷದ ದಿನ ಎಲ್ಲರಿಗೂ ಒಂದೊಂದು ವರ್ಷ ಸೇರಿಸುವ ಪದ್ಧತಿಯಿತ್ತು. ಸರಕಾರಿ ವ್ಯವಹಾರಗಳಲ್ಲಿ ಗೊಂದಲ ತಪ್ಪಿಸಲು 2023ರ ಜೂನ್ 28ರಿಂದ ಜಗತ್ತಿನ ಇತರೆಡೆಗಳ ಲೆಕ್ಕವನ್ನೇ ಕಾನೂನಿನ ಮೂಲಕ ಜಾರಿಗೊಳಿಸಲಾಯಿತು. ಆದರೂ ಹಿರಿಯ ಕಿರಿಯ ಎಂಬ ಪ್ರಶ್ನೆ ಅಲ್ಲಿನ ಮಾತಿನಿಂದ ಹೋಗಿಲ್ಲ, ಹೋಗುವಂತೆಯೂ ಇಲ್ಲ.

ಇನ್ನೊಂದು ಉದಾಹರಣೆ ಕೊಡುತ್ತೇನೆ. ಕೊರಿಯಾದಲ್ಲಿ ವಿವಾಹಿತೆಯೊಬ್ಬಳು ತನ್ನ ಗಂಡನನ್ನು ‘ನನ್ನ ಗಂಡ’ ಎನ್ನದೆ ‘ನಮ್ಮ ಗಂಡ’ ಎನ್ನುವುದುಂಟು. ‘ಉರಿ’ ಎಂದರೆ ‘ನಮ್ಮ’. ನಮ್ಮ ತಾಯಿ, ನಮ್ಮ ಮನೆ, ನಮ್ಮ ದೇಶ ಎನ್ನುವಂತೆಯೇ ಇದೂ. ಇದನ್ನು ಇಂಗ್ಲಿಷಿಗೆ ತಿರುಗಿಸಿ ನಕ್ಕವರೆಷ್ಟೋ. ‘ನಮ್ಮ ಮನೆಯವರು ಪೇಟೆಗೆ ಹೋಗಿದ್ದಾರೆ’ ಎನ್ನುವ ನಾವು ನಗುವಂತಿಲ್ಲ. ಹಾಗೆಯೇ ಅಲ್ಲಿ ತಾಯಿಯಾದವಳನ್ನು ಅವಳ ಹೆಸರಿನಿಂದ ಕರೆಯುವುದು ಕಡಿಮೆ, ಮಗುವಿನ ಹೆಸರು ಹಿಡಿದು ಇಂಥವರ ಅಮ್ಮ ಎಂದು ಕರೆಯುತ್ತಾರೆ. ‘ಪಾಪ, ಈ ಹೆಂಗಸರಿಗೆ ಸ್ವಂತ ಹೆಸರೂ ಇಲ್ಲವೇ’ ಎಂದು ಪಾಶ್ಚಾತ್ಯರು ಮರುಗಿದರು. ಉಮ್ಮು ಸಲಮಾ(ರ), ಉಮ್ಮು ಹಬೀಬಾ(ರ) ಎಂಬ ಹೆಸರುಗಳನ್ನು ಗೌರವದಿಂದ ಉಚ್ಚರಿಸುವ ನಮಗೆ ಅದರಲ್ಲಿರುವ ಪ್ರೀತಿ ಅರ್ಥವಾಗುತ್ತದೆ. ಅದೇ ಕೊರಿಯಾದಲ್ಲಿ ಮದುವೆಯಾದ ಹೆಣ್ಣು ತನ್ನ ತಂದೆಯ ಮನೆತನದ ಹೆಸರನ್ನು ಬಿಡುವುದಿಲ್ಲ, ನಮ್ಮ ಶರೀಅತ್‌ನಲ್ಲಿ ಹೆಣ್ಣು ಮದುವೆಯ ನಂತರವೂ ತಂದೆಯ ಹೆಸರಿನಿಂದಲೇ ಗುರುತಿಸಿಕೊಳ್ಳುವಂತೆ. ಮರುಗಿದವರ ದೇಶಗಳಲ್ಲಿ ಬಹುಪಾಲು ಹೆಂಗಸರು ಗಂಡನ ಹೆಸರನ್ನೇ ತಮ್ಮದಾಗಿ ಮಾಡಿಕೊಳ್ಳುತ್ತಾರೆ! ಯಾರನ್ನು ಕಂಡು ಯಾರು ಮರುಗಬೇಕು?

ಎರಡೂ ಕಡೆಯ ಕನ್ನಡಕ

ತಪ್ಪು ತಿಳಿವಳಿಕೆ ಪಾಶ್ಚಾತ್ಯರ ಕಡೆಯಿಂದ ಮಾತ್ರ ಇತ್ತೆಂದು ತಿಳಿಯಬೇಡಿ. ಪಾಶ್ಚಾತ್ಯರ ಬಗ್ಗೆ ಕೊರಿಯನ್ನರ ಬಳಿಯೂ ಒಂದು ಪಟ್ಟಿಯಿದೆ. ಬಿಳಿ ಬಣ್ಣದವರೆಲ್ಲ ಅಮೆರಿಕನ್ನರು, ಅವರೆಲ್ಲ ಇಂಗ್ಲಿಷಿನವರು, ಅವರಿಗೆ ಕುಟುಂಬದ ಬಾಂಧವ್ಯವಿಲ್ಲ, ತಂದೆ ತಾಯಿಯನ್ನು ವೃದ್ಧಾಶ್ರಮಕ್ಕೆ ತಳ್ಳುತ್ತಾರೆ, ನಡತೆಗೆಟ್ಟವರು ಎಂಬಿತ್ಯಾದಿ. ರಶ್ಯದವನೋ ಪೋಲೆಂಡಿನವನೋ ರಸ್ತೆಯಲ್ಲಿ ಹೋಗುತ್ತಿದ್ದರೂ ಅವನೊಡನೆ ಇಂಗ್ಲಿಷಿನಲ್ಲಿ ಮಾತು. ಇನ್ನೊಂದು ಕಡೆ, ಅಮೆರಿಕದಲ್ಲೇ ಹುಟ್ಟಿ ಬೆಳೆದು ಇಂಗ್ಲಿಷನ್ನೇ ಉಸಿರಾಡುವ ಕೊರಿಯನ್ ಮೂಲದವರಿಗೆ ಅದೇ ಇಂಗ್ಲಿಷ್ ಕಲಿಸುವ ಕೆಲಸ ಸಿಗುವುದು ಕಷ್ಟವಾಗಿತ್ತು. ಅರ್ಜಿಯೊಡನೆ ಭಾವಚಿತ್ರ ಕೇಳುವುದು ಅಲ್ಲಿ ರೂಢಿ. ಹೆತ್ತವರಿಗೆ ಬಿಳಿಯ ಮುಖ ಬೇಕೆಂದು ಟ್ಯೂಷನ್ ಕೇಂದ್ರಗಳು ಕಪ್ಪು ವರ್ಣದ ಶಿಕ್ಷಕರನ್ನೂ ಏಶ್ಯದ ಮುಖದ ಶಿಕ್ಷಕರನ್ನೂ ಹಿಂದಕ್ಕೆ ಕಳಿಸಿದ ಉದಾಹರಣೆಗಳಿವೆ.

ತಂದೆ ತಾಯಿಯ ಮಾತು ಬಂತು. ‘ನಾವು ಹಿರಿಯರನ್ನು ನೋಡಿಕೊಳ್ಳುವವರು, ಅವರು ನೋಡಿಕೊಳ್ಳದವರು’ ಎಂಬ ಹೆಮ್ಮೆ ಕೊರಿಯನ್ನರಲ್ಲಿದೆ, ನಮ್ಮಲ್ಲೂ ಇದೆ. ಆದರೆ ಶ್ರೀಮಂತ ದೇಶಗಳ ಕೂಟವಾದ ಒಇಸಿಡಿಯ ಅಂಕಿ ಅಂಶಗಳ ಪ್ರಕಾರ, ಆ ಕೂಟದಲ್ಲಿ ವೃದ್ಧರ ಬಡತನ ಅತಿ ಹೆಚ್ಚಿರುವ ದೇಶಗಳ ಸಾಲಿನ ತುದಿಯಲ್ಲಿ ಕೊರಿಯಾ ಇದೆ. ಅಲ್ಲಿ 65 ದಾಟಿದವರಲ್ಲಿ 100ರಲ್ಲಿ ಸುಮಾರು 40 ಮಂದಿ ಬಡತನದಲ್ಲಿದ್ದಾರೆ. ಹಳೆಯ ರಟ್ಟು, ಕಾಗದ ಹೆಕ್ಕಿ ಮಾರಿ ಬದುಕುವ ಅಜ್ಜಿಯಂದಿರು ಸಿಯೋಲ್ ನಗರದ ಬೀದಿಗಳಲ್ಲಿ ಕಾಣಸಿಗುತ್ತಾರೆ. ತನ್ನ ಬಗ್ಗೆ ಕಟ್ಟಿಕೊಂಡ ಒಳ್ಳೆಯ ಚಿತ್ರ ಮನೆಯೊಳಗಿನ ನೋವನ್ನು ಮರೆಮಾಚಬಲ್ಲದು. ‘ನಮ್ಮಲ್ಲಿ ಹಾಗೆಲ್ಲ ಇಲ್ಲ’ ಎನ್ನುವ ಸಮಾಜ ತನ್ನ ಅಜ್ಜಿಯ ಕಡೆಗೆ ನೋಡುವುದನ್ನೇ ಬಿಟ್ಟಿರುತ್ತದೆ.

ನ್ಯಾಯವಾಗಿ ಹೇಳಬೇಕಾದ ಮಾತೊಂದಿದೆ. ಕೊರಿಯನ್ನರ ಸಂಶಯಕ್ಕೆ ಕಾರಣಗಳೂ ಇದ್ದವು. 2002ರ ಜೂನ್‌ನಲ್ಲಿ ಅಮೆರಿಕದ ಸೇನಾ ವಾಹನವೊಂದು ರಸ್ತೆ ಬದಿಯಲ್ಲಿ ನಡೆದು ಹೋಗುತ್ತಿದ್ದ 14ರ ಹರೆಯದ ಇಬ್ಬರು ಶಾಲಾ ಬಾಲಕಿಯರ ಮೇಲೆ ಹರಿಯಿತು. ನವೆಂಬರ್‌ನಲ್ಲಿ ಅಮೆರಿಕದ ಸೇನಾ ನ್ಯಾಯಾಲಯ ಸೈನಿಕರನ್ನು ಖುಲಾಸೆಗೊಳಿಸಿತು. ಸಾವಿರಾರು ಮಂದಿ ಮೇಣದ ಬತ್ತಿ ಹಿಡಿದು ಬೀದಿಗಿಳಿದರು. ಆ ದುಃಖ ನಿಜ, ಆ ಸಿಟ್ಟು ನ್ಯಾಯದ್ದು. ಆದರೆ ಸಿಟ್ಟಿಗೆ ವಿಳಾಸ ತಪ್ಪಿದಾಗ ಏನಾಗುತ್ತದೆಂಬುದೂ ಆಗ ಕಂಡುಬಂತು. ಅಮೆರಿಕನ್ನರಿಗೆ ಪ್ರವೇಶವಿಲ್ಲವೆಂಬ ಫಲಕಗಳು ಕೆಲವು ಹೋಟೆಲುಗಳ ಬಾಗಿಲಿಗೆ ಬಂದವು. ಆ ವಾಹನಕ್ಕೂ ಸೇನೆಗೂ ಸಂಬಂಧವೇ ಇಲ್ಲದ ಶಿಕ್ಷಕರೂ ತಲೆ ತಗ್ಗಿಸಿ ನಡೆಯಬೇಕಾಯಿತು. ಕೆಲವರ ಕೃತ್ಯಕ್ಕೆ ಇಡೀ ಸಮುದಾಯ ಉತ್ತರಿಸಬೇಕಾಗಿ ಬರುವುದೆಂದರೆ ಏನೆಂದು ಮುಸ್ಲಿಮರಾದ ನಮಗೆ ಬಿಡಿಸಿ ಹೇಳಬೇಕೇ?

ಮಾತು ಕಾನೂನಾದಾಗ

‘ಆಡಿದರೆ ಏನಾಯಿತು, ಬರೀ ಮಾತಲ್ಲವೇ’ ಎನ್ನುವವರಿದ್ದಾರೆ. ಬರೀ ಮಾತು ಎಲ್ಲಿಗೆ ತಲುಪುತ್ತದೆಂದು ನೋಡಿ.

2007ರ ಅಕ್ಟೋಬರ್‌ನಲ್ಲಿ ಕೊರಿಯಾದ ಶಾಲೆಯೊಂದರಲ್ಲಿ ಪಾಠ ಮಾಡಿದ್ದ ಕೆನಡಾದ ಪ್ರಜೆಯೊಬ್ಬ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಆರೋಪದಲ್ಲಿ ಥಾಯ್ಲೆಂಡಿನಲ್ಲಿ ಬಂಧಿತನಾದ. ಹೆತ್ತವರು ಬೆಚ್ಚಿದ್ದು ಸಹಜ. ಶಿಕ್ಷಕರ ಹಿನ್ನೆಲೆ ಪರಿಶೀಲನೆ ಬಿಗಿಯಾದದ್ದೂ ಸರಿ, ನಮ್ಮ ಮಕ್ಕಳನ್ನು ಯಾರ ಕೈಗೆ ಒಪ್ಪಿಸುತ್ತಿದ್ದೇವೆಂದು ತಿಳಿಯುವ ಹಕ್ಕು ಎಲ್ಲ ತಾಯಂದಿರಿಗೂ ಇದೆ. ಆದರೆ ಅದರೊಂದಿಗೆ ಇನ್ನೊಂದು ನಿಯಮವೂ ಬಂತು. ಇಂಗ್ಲಿಷ್ ಕಲಿಸುವ ವೀಸಾದಲ್ಲಿ ಬರುವ ವಿದೇಶೀಯರೆಲ್ಲರೂ ಎಚ್‌ಐವಿ ಪರೀಕ್ಷೆ ಮಾಡಿಸಿಕೊಳ್ಳಬೇಕು. ಕೊರಿಯನ್ ಶಿಕ್ಷಕರಿಗೆ ಬೇಡ, ವಿದೇಶದಿಂದ ಬಂದ ಕೊರಿಯನ್ ಮೂಲದವರಿಗೂ ಬೇಡ. ಮಕ್ಕಳ ಸುರಕ್ಷತೆಗೂ ಈ ರಕ್ತ ಪರೀಕ್ಷೆಗೂ ಏನು ಸಂಬಂಧ? ಸಂಬಂಧವಿಲ್ಲ. ‘ಪಾಶ್ಚಾತ್ಯರು ನಡತೆಗೆಟ್ಟವರು’ ಎಂಬ ಮಾತು ಅಲ್ಲಿ ರಕ್ತ ಪರೀಕ್ಷೆಯ ವೇಷದಲ್ಲಿ ಬಂದಿತ್ತು.

ನ್ಯೂಝಿಲೆಂಡಿನ ಶಿಕ್ಷಕಿಯೊಬ್ಬರು 2009ರಲ್ಲಿ ಎರಡನೆಯ ಬಾರಿ ಈ ಪರೀಕ್ಷೆಗೆ ಒಳಗಾಗಲು ಒಪ್ಪಲಿಲ್ಲ. ಅವರ ಕೆಲಸ ಹೋಯಿತು, ದೇಶವನ್ನೂ ಬಿಡಬೇಕಾಯಿತು. ಅವರು ಸುಮ್ಮನಾಗದೆ ವಿಶ್ವಸಂಸ್ಥೆಯ ಜನಾಂಗೀಯ ತಾರತಮ್ಯ ನಿರ್ಮೂಲನಾ ಸಮಿತಿಯ ಮೊರೆ ಹೋದರು. 2015ರಲ್ಲಿ ಸಮಿತಿ ಅವರ ಪರವಾಗಿ ಅಭಿಪ್ರಾಯ ನೀಡಿತು. 2016ರಲ್ಲಿ ಕೊರಿಯಾದ್ದೇ ಆದ ಮಾನವ ಹಕ್ಕು ಆಯೋಗವೂ ಈ ನಿಯಮ ಬೇಡವೆಂದಿತು. 2017ರಲ್ಲಿ ಸರಕಾರ ಅದನ್ನು ಕೈಬಿಟ್ಟಿತು. 2019ರಲ್ಲಿ ಅಲ್ಲಿನ ನ್ಯಾಯಾಲಯವೇ ಆ ಶಿಕ್ಷಕಿಗೆ ಪರಿಹಾರ ಕೊಡುವಂತೆ ಸರಕಾರಕ್ಕೆ ಆದೇಶಿಸಿತು. ಒಂದು ಸಂಶಯದ ಮಾತನ್ನು ಕಾನೂನಿನಿಂದ ಹೊರತೆಗೆಯಲು ಹತ್ತು ವರ್ಷ ಬೇಕಾಯಿತು ನೋಡಿ.

ಈ ನಡುವೆ 2012ರಲ್ಲಿ ಅಲ್ಲಿನ ಎಂಬಿಸಿ ಟಿ.ವಿ. ವಾಹಿನಿ ಒಂದು ಕಾರ್ಯಕ್ರಮ ಪ್ರಸಾರ ಮಾಡಿತು. ವಿದೇಶೀ ಪುರುಷರು ಕೊರಿಯನ್ ಹೆಣ್ಣು ಮಕ್ಕಳನ್ನು ಹೇಗೆ ವಂಚಿಸುತ್ತಾರೆ, ರೋಗ ಹರಡುತ್ತಾರೆ ಎಂಬುದೇ ಅದರ ವಸ್ತು. ಅದನ್ನು ನೋಡಿ ವಿದೇಶೀಯರನ್ನು ಮದುವೆಯಾಗಿ ಗೌರವದಿಂದ ಸಂಸಾರ ಮಾಡುತ್ತಿದ್ದ ಕೊರಿಯನ್ ಮಹಿಳೆಯರು ಎಷ್ಟು ನೊಂದಿರಬಹುದು! ಅದೇ ವಾಹಿನಿ 2017ರಲ್ಲಿ ‘ಮ್ಯಾನ್ ಹೂ ಡೈಸ್ ಟು ಲಿವ್’ ಎಂಬ ಧಾರಾವಾಹಿಯಲ್ಲಿ ಮುಸ್ಲಿಮರನ್ನು, ಹಿಜಾಬ್ ಧರಿಸಿದ ಮಹಿಳೆಯರನ್ನು ತೋರಿಸಿದ ರೀತಿಗೆ ಜಗತ್ತಿನ ಹಲವೆಡೆಯಿಂದ ಆಕ್ಷೇಪ ಬಂತು, ವಾಹಿನಿ ಕ್ಷಮೆ ಕೇಳಬೇಕಾಯಿತು. ಬಿಳಿಯರನ್ನು ಒಂದೇ ಅಚ್ಚಿನಲ್ಲಿ ಒತ್ತಿದ ಕೈಗೆ ಮುಸ್ಲಿಮರನ್ನು ಒತ್ತಲು ಬೇರೆ ಅಚ್ಚು ಹುಡುಕುವುದು ಕಷ್ಟವಾಗಲಿಲ್ಲ.

ಕೊರೋನಾ ಕಾಲದಲ್ಲೂ ಇದೇ ಕತೆ. 2021ರ ಮಾರ್ಚ್‌ನಲ್ಲಿ ಸಿಯೋಲ್ ನಗರಾಡಳಿತವು ನಗರದ ವಿದೇಶೀ ಕೆಲಸಗಾರರೆಲ್ಲರೂ ಕೊರೋನಾ ಪರೀಕ್ಷೆ ಮಾಡಿಸಿಕೊಳ್ಳಬೇಕೆಂದು ಆದೇಶಿಸಿತು. ಒಂದೇ ಕಾರ್ಖಾನೆಯಲ್ಲಿ ಪಕ್ಕ ಪಕ್ಕ ನಿಂತು ದುಡಿಯುವ ಕೊರಿಯನ್ನನಿಗೆ ಬೇಡ, ವಿದೇಶೀಯನಿಗೆ ಮಾತ್ರ ಬೇಕು. ಬ್ರಿಟನ್ನಿನ ರಾಯಭಾರಿಯೇ ಬಹಿರಂಗವಾಗಿ ಇದು ನ್ಯಾಯವಲ್ಲವೆಂದರು. ಎರಡು ದಿನಗಳಲ್ಲಿ ನಗರಾಡಳಿತ ಆದೇಶವನ್ನು ಹಿಂದಕ್ಕೆ ಪಡೆಯಿತು. ದೊಡ್ಡ ದೇಶದ ರಾಯಭಾರಿ ಮಾತನಾಡಿದ್ದರಿಂದ ಬಾಂಗ್ಲಾದೇಶದ, ಇಂಡೋನೇಶ್ಯದ, ಉಝ್ಬೇಕಿಸ್ತಾನದ ಕಾರ್ಮಿಕರಿಗೂ ಉಪಕಾರವಾಯಿತು. ಆ ಬಡ ಕಾರ್ಮಿಕರು ಮಾತ್ರವೇ ದೂರು ಕೊಟ್ಟಿದ್ದರೆ ಎರಡು ದಿನ ಸಾಕಾಗುತ್ತಿತ್ತೇ?

ಸತ್ಯವನ್ನೇ ನುಂಗುವ ಮಾತು

ಪಾಶ್ಚಾತ್ಯರ ಕಡೆಯ ಪೂರ್ವಗ್ರಹವೂ ಇಷ್ಟೇ ಕ್ರೂರವಾಗಬಲ್ಲದು. 2013ರ ಜುಲೈನಲ್ಲಿ ಕೊರಿಯಾದ ಏಶಿಯಾನಾ ಸಂಸ್ಥೆಯ ವಿಮಾನ ಅಮೆರಿಕದ ಸಾನ್ ಫ್ರಾನ್ಸಿಸ್ಕೋದಲ್ಲಿ ಇಳಿಯುವಾಗ ಅಪಘಾತಕ್ಕೀಡಾಗಿ ಮೂವರು ಬಾಲಕಿಯರು ಸತ್ತರು. ಒಂದು ವಾರವೂ ಆಗಿರಲಿಲ್ಲ, ಅಲ್ಲಿನ ಒಂದು ಟಿ.ವಿ. ವಾಹಿನಿಯು ಪೈಲಟ್‌ಗಳ ಹೆಸರುಗಳೆಂದು ಏಶ್ಯದವರ ಉಚ್ಚಾರಣೆಯನ್ನು ಅಣಕಿಸಲು ಯಾರೋ ಹೆಣೆದ ನಕಲಿ ಹೆಸರುಗಳನ್ನು ವಾರ್ತೆಯಲ್ಲಿ ಓದಿತು. ಬಳಿಕ ಕ್ಷಮೆ ಕೇಳಿತು. ಆ ಹೆಸರುಗಳು ನಿಜವಿರಬಹುದೆಂದು ವಾರ್ತಾ ಕೊಠಡಿಯಲ್ಲಿ ಯಾರಿಗೂ ಸಂಶಯ ಬಾರದಿದ್ದದ್ದೇಕೆ? ‘ಅವರ ಹೆಸರುಗಳೆಲ್ಲ ಹೀಗೆಯೇ’ ಎಂದು ತಿಳಿದಿದ್ದರಿಂದ.

ಇನ್ನೊಂದು ಘಟನೆಯನ್ನು ತಾಯಂದಿರು ಗಮನವಿಟ್ಟು ಓದಬೇಕು. 2014ರ ಏಪ್ರಿಲ್ 16ರಂದು ಸೆವೋಲ್ ಎಂಬ ಹಡಗು ಕೊರಿಯಾದ ಕಡಲಲ್ಲಿ ಮುಳುಗಿತು. 304 ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ 250 ಮಂದಿ ಪ್ರವಾಸಕ್ಕೆ ಹೊರಟಿದ್ದ ಒಂದೇ ಪ್ರೌಢ ಶಾಲೆಯ ಮಕ್ಕಳು. ‘ಇದ್ದಲ್ಲೇ ಇರಿ’ ಎಂದು ಹಡಗಿನವರು ಮತ್ತೆ ಮತ್ತೆ ಹೇಳಿದರು, ಮಕ್ಕಳು ಇದ್ದಲ್ಲೇ ಇದ್ದರು. ಕಪ್ತಾನ ಮಾತ್ರ ಮೊದಲು ಪಾರಾದವರಲ್ಲಿ ಒಬ್ಬನಾಗಿದ್ದ.

ಆಗ ಕೆಲವು ಪಾಶ್ಚಾತ್ಯ ಪತ್ರಿಕೆಗಳಲ್ಲಿ ಒಂದು ವಾದ ಬಂತು. ಹಿರಿಯರ ಮಾತನ್ನು ಪ್ರಶ್ನಿಸದ ಕೊರಿಯನ್ ಸಂಸ್ಕೃತಿಯೇ ಈ ಮಕ್ಕಳನ್ನು ಕೊಂದಿತಂತೆ! ಎಷ್ಟು ಸುಲಭದ ವಿವರಣೆ! ಆದರೆ ತನಿಖೆ ಬೇರೆಯದನ್ನೇ ಹೇಳಿತು. ಹಡಗಿಗೆ ಹೆಚ್ಚುವರಿ ಕೋಣೆಗಳನ್ನು ಕಟ್ಟಿ ಅದರ ಸಮತೋಲನ ಕೆಡಿಸಲಾಗಿತ್ತು. ಮಿತಿ ಮೀರಿ ಸರಕು ಹೇರಲಾಗಿತ್ತು. ಸರಕನ್ನು ಸರಿಯಾಗಿ ಬಿಗಿದಿರಲಿಲ್ಲ. ತಪಾಸಣೆ ಮಾಡಬೇಕಾದವರು ಮಾಡಿರಲಿಲ್ಲ. ರಕ್ಷಣೆಗೆ ಬಂದವರು ಎಡವಿದರು. ಲಾಭದಾಸೆ ಮತ್ತು ಕರ್ತವ್ಯಲೋಪ, ಇವು ಯಾವ ದೇಶದ ಸಂಸ್ಕೃತಿ? 2012ರಲ್ಲಿ ಇಟಲಿಯ ಕೋಸ್ಟಾ ಕಾಂಕಾರ್ಡಿಯಾ ಹಡಗು ದುರಂತಕ್ಕೀಡಾದಾಗಲೂ ಕೋಣೆಗಳಿಗೆ ಮರಳಿರೆಂದು ಸಿಬ್ಬಂದಿ ಪ್ರಯಾಣಿಕರಿಗೆ ಹೇಳಿದ್ದರು, ಕಪ್ತಾನ ಆಗಲೂ ಹಡಗು ಬಿಟ್ಟಿದ್ದ, 32 ಮಂದಿ ಸತ್ತಿದ್ದರು. ಅದಕ್ಕೆ ಇಟಲಿಯವರ ವಿಧೇಯತೆ ಕಾರಣವೆಂಬ ವಾದ ಕೇಳಿಬರಲಿಲ್ಲ. ಹಡಗಿನಲ್ಲಿ ಸಿಬ್ಬಂದಿಯ ಮಾತನ್ನು ಯಾವ ದೇಶದ ಮಕ್ಕಳಾದರೂ ಕೇಳುತ್ತಾರೆ.

‘ಅವರೆಲ್ಲ ಹಾಗೆಯೇ’ ಎಂಬ ಮಾತಿನ ದೊಡ್ಡ ಕೆಡುಕು ಇದುವೇ. ಅದು ನೊಂದವರನ್ನೇ ಅಪರಾಧಿಗಳನ್ನಾಗಿ ಮಾಡುತ್ತದೆ, ನಿಜವಾದ ಅಪರಾಧಿಗೆ ಮರೆಯಾಗುತ್ತದೆ. ಮುಸ್ಲಿಂ ಮನೆಯೊಂದರಲ್ಲಿ ಹೆಣ್ಣಿಗೆ ಅನ್ಯಾಯವಾದರೆ ‘ಅವರ ಧರ್ಮವೇ ಹಾಗೆ’ ಎಂದು ಹೊರಗಿನವರು ಹೇಳಿ ಮುಗಿಸುತ್ತಾರೆ. ಅನ್ಯಾಯ ಮಾಡಿದ ಗಂಡನ ಹೆಸರು ಅಲ್ಲಿ ಬರುವುದೇ ಇಲ್ಲ, ಅವಳಿಗೆ ಸಿಗಬೇಕಾದ ನ್ಯಾಯದ ಮಾತೂ ಬರುವುದಿಲ್ಲ.

ನಾಯಿ ಮಾಂಸದ ಪ್ರಶ್ನೆ

ಆರಂಭದಲ್ಲಿ ತಾಯಿ ಕೇಳಿದ ಪ್ರಶ್ನೆಗೆ ಉತ್ತರಿಸದೆ ಹೋಗಬಾರದು. ಕೊರಿಯಾದಲ್ಲಿ ಕೆಲವರು ನಾಯಿ ಮಾಂಸ ತಿನ್ನುತ್ತಿದ್ದದ್ದು ನಿಜ. ನಮಗದು ಹರಾಮ್, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೆಚ್ಚಿನ ಕೊರಿಯನ್ನರು, ಅದರಲ್ಲೂ ಯುವಜನರು, ಅದನ್ನು ಮುಟ್ಟುವವರಲ್ಲ. ಮನೆಗಳಲ್ಲಿ ನಾಯಿಯನ್ನು ಮಗುವಿನಂತೆ ಸಾಕುವವರೇ ಅಲ್ಲಿ ಲಕ್ಷಗಟ್ಟಲೆ ಇದ್ದಾರೆ. 1988ರ ಸಿಯೋಲ್ ಒಲಿಂಪಿಕ್ಸ್ ಸಮಯದಲ್ಲಿ ಪಾಶ್ಚಾತ್ಯರ ಟೀಕೆಗೆ ಅಂಜಿ ಸರಕಾರ ಅಂತಹ ಅಂಗಡಿಗಳನ್ನು ಮುಖ್ಯ ರಸ್ತೆಗಳಿಂದ ಮರೆಗೆ ಸರಿಸಿತ್ತು. 2002ರ ವಿಶ್ವಕಪ್ ಫುಟ್ಬಾಲಿನ ಹೊತ್ತಿಗೆ ಫ್ರಾನ್ಸಿನ ನಟಿ ಬ್ರಿಜಿತ್ ಬಾರ್ದೋ ಅವರ ಅಭಿಯಾನ ಕೊರಿಯನ್ನರನ್ನು ಕೆರಳಿಸಿತ್ತು. ಹೊರಗಿನವರು ಹೀಯಾಳಿಸಿದಾಗ ಅದನ್ನು ತಿನ್ನದವರೂ ಅದರ ಪರವಾಗಿ ನಿಂತರು. ಕೊನೆಗೆ ಅಲ್ಲಿನ ಜನರೇ ಚರ್ಚಿಸಿ, ಅಲ್ಲಿನ ಸಂಸತ್ತೇ 2024ರ ಜನವರಿಯಲ್ಲಿ ಇದನ್ನು ನಿಷೇಧಿಸುವ ಕಾನೂನು ಅಂಗೀಕರಿಸಿತು. ಆ ವೃತ್ತಿಯಲ್ಲಿದ್ದವರಿಗೆ ಬೇರೆ ದಾರಿ ನೋಡಿಕೊಳ್ಳಲು ಮೂರು ವರ್ಷಗಳ ಕಾಲಾವಕಾಶವನ್ನೂ ಕೊಟ್ಟಿತು. ಗೇಲಿಯಿಂದ ಯಾವ ಸಮಾಜವೂ ತಿದ್ದಿಕೊಳ್ಳುವುದಿಲ್ಲ, ತನ್ನವರ ಮಾತಿನಿಂದ ತಿದ್ದಿಕೊಳ್ಳುತ್ತದೆ.

ಹುಜುರಾತ್‌ನ ಪಾಠ

ಸಹೋದರಿಯರೇ, ಪವಿತ್ರ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯ ಬಹಳ ಚಿಕ್ಕದು, 18 ಸೂಕ್ತಗಳು ಮಾತ್ರ. ನೀವದನ್ನು ಎಷ್ಟೋ ಬಾರಿ ಓದಿರುತ್ತೀರಿ. ಈ ಲೇಖನವನ್ನು ಮನಸ್ಸಿನಲ್ಲಿಟ್ಟುಕೊಂಡು ಅದನ್ನು ಅರ್ಥಸಹಿತ ಇನ್ನೊಮ್ಮೆ ಓದಿ ನೋಡಿ. ಭರವಸೆಗೆ ಅರ್ಹನಲ್ಲದವನು ಸುದ್ದಿ ತಂದರೆ ಪರಿಶೀಲಿಸಬೇಕೆಂದು ಅದು ಕಲಿಸುತ್ತದೆ. ಒಂದು ಜನವಿಭಾಗ ಇನ್ನೊಂದನ್ನು ಗೇಲಿ ಮಾಡಬಾರದೆಂದು ಹೇಳಿದ ಬಳಿಕ, ಸ್ತ್ರೀಯರು ಸ್ತ್ರೀಯರನ್ನು ಗೇಲಿ ಮಾಡಬಾರದೆಂದು ಅದು ಪ್ರತ್ಯೇಕವಾಗಿ ಎಚ್ಚರಿಸುತ್ತದೆ. ನಮ್ಮನ್ನು ಹೆಸರಿಸಿಯೇ ಹೇಳಿದ ಮಾತದು. ಅತಿ ಗುಮಾನಿಯಿಂದ ದೂರವಿರಲು ಅದು ಆದೇಶಿಸುತ್ತದೆ. ಅನಂತರ, ಮಾನವರನ್ನು ವಿವಿಧ ಜನಾಂಗ ಗೋತ್ರಗಳಾಗಿ ಮಾಡಿರುವುದು ಪರಸ್ಪರ ಅರಿಯುವುದಕ್ಕಾಗಿ ಎಂದು ತಿಳಿಸುತ್ತದೆ. ಈ ಅನುಕ್ರಮವನ್ನು ಗಮನಿಸಿ. ಸುಳ್ಳು ಸುದ್ದಿ, ಗೇಲಿ ಮತ್ತು ಗುಮಾನಿ ದೂರವಾದ ಮೇಲೆ ತಾನೇ ಅರಿಯಲು ಸಾಧ್ಯ? ಅಬೂದರ್(ರ)ರಂತಹ ಮಹಾನ್ ಸಹಾಬಿಯೇ ಒಮ್ಮೆ ಒಬ್ಬರನ್ನು ತಾಯಿಯ ಹೆಸರೆತ್ತಿ ಹೀಯಾಳಿಸಿದಾಗ, ಅವರಲ್ಲಿ ಇನ್ನೂ ಅಜ್ಞಾನ ಕಾಲದ ಗುಣ ಉಳಿದಿದೆಯೆಂದು ಪ್ರವಾದಿ(ಸ) ನೇರವಾಗಿ ಹೇಳಿದರು.

ಅರಿಯುವುದೆಂದರೆ ಹೇಗೆಂದು ನಮ್ಮ ಪೂರ್ವಿಕ ವಿದ್ವಾಂಸರು ತೋರಿಸಿದ್ದಾರೆ. ಸುಮಾರು ಒಂದು ಸಾವಿರ ವರ್ಷಗಳ ಹಿಂದೆ ಅಲ್ ಬಿರೂನಿ ನಮ್ಮ ದೇಶದ ಜನರ ಬಗ್ಗೆ ಬರೆಯುವ ಮುನ್ನ ಸಂಸ್ಕೃತ ಕಲಿತರು, ಇಲ್ಲಿನ ಪಂಡಿತರೊಡನೆ ಕುಳಿತರು, ಇಲ್ಲಿನ ಗ್ರಂಥಗಳನ್ನು ಓದಿದರು. ಒಪ್ಪಿಗೆಯಾಗದ್ದನ್ನು ಒಪ್ಪಲಿಲ್ಲ, ಆದರೆ ಮೊದಲು ಅವರ ಮಾತನ್ನು ಅವರದೇ ಬಾಯಿಂದ ಕೇಳಿ ದಾಖಲಿಸಿದರು. ಕೊರಿಯಾದಲ್ಲೂ ಇದೇ ಕಂಡುಬರುತ್ತದೆ. ಭಾಷೆ ಕಲಿತ, ನೆರೆಮನೆಯವರೊಡನೆ ಕೂತು ಉಂಡ ಪಾಶ್ಚಾತ್ಯರ ಬಾಯಲ್ಲಿ ‘ಇವರೆಲ್ಲ’ ಎಂಬ ಮಾತು ಕಡಿಮೆಯಾಗುತ್ತಾ ಹೋಗುತ್ತದೆ. ತಮ್ಮವರ ಗುಂಪಿನಲ್ಲೇ ವರ್ಷಗಟ್ಟಲೆ ಇದ್ದು ಸಂಬಳ ಎಣಿಸಿಕೊಂಡವರೇ ಹೆಚ್ಚು ದೂರುವವರು.

ಕೊರಿಯಾದವರು ಮುಸ್ಲಿಮರ ವಿರೋಧಿಗಳೆಂದೂ ಒಂದೇ ಮಾತಿನಲ್ಲಿ ಹೇಳಬೇಡಿ. 2018ರಲ್ಲಿ ಯಮನ್‌ನಿಂದ ಸುಮಾರು 550 ಮಂದಿ ಯುದ್ಧ ಸಂತ್ರಸ್ತರು ಜೆಜು ದ್ವೀಪಕ್ಕೆ ಬಂದಾಗ ಅವರ ವಿರುದ್ಧದ ಮನವಿಗೆ 7 ಲಕ್ಷಕ್ಕೂ ಹೆಚ್ಚು ಮಂದಿ ಸಹಿ ಹಾಕಿದ್ದು ನಿಜ. ಅದೇ ದ್ವೀಪದಲ್ಲಿ ಅವರಿಗೆ ತಮ್ಮ ಮನೆಯಲ್ಲಿ ಆಶ್ರಯ ಕೊಟ್ಟವರೂ ಕೊರಿಯನ್ನರೇ. ದೇಗು ನಗರದಲ್ಲಿ ವಿದ್ಯಾರ್ಥಿಗಳು ಕಟ್ಟುತ್ತಿದ್ದ ಮಸೀದಿಯ ಮುಂದೆ ಹಂದಿಯ ತಲೆಗಳನ್ನಿಟ್ಟವರು ಕೊರಿಯನ್ನರು. ಆ ಮಸೀದಿಯನ್ನು ಕಟ್ಟಲು ಅಡ್ಡಿಯಿಲ್ಲವೆಂದು 2022ರಲ್ಲಿ ತೀರ್ಪಿತ್ತ ಸುಪ್ರೀಂ ಕೋರ್ಟಿನ ನ್ಯಾಯಾಧೀಶರೂ ಕೊರಿಯನ್ನರೇ. ಸಿಯೋಲ್‌ನ ಇಟೇವಾನ್‌ನಲ್ಲಿ ವಿದೇಶೀಯರೂ ಸ್ಥಳೀಯರೂ ಒಂದೇ ಸಾಲಿನಲ್ಲಿ ನಿಂತು ನಮಾಝ್ ಮಾಡುವ ದೊಡ್ಡ ಮಸೀದಿಯಿದೆ. ಅದು 1976ರಲ್ಲಿ ತೆರೆದದ್ದು, ಅದಕ್ಕೆ ನೆಲ ಕೊಟ್ಟದ್ದು ಕೊರಿಯಾದ ಸರಕಾರ. ಆ ನಾಡಿಗೆ ಇಸ್ಲಾಮಿನ ಪರಿಚಯ ಮಾಡಿಸಿದವರಲ್ಲಿ ಯುದ್ಧಕಾಲದಲ್ಲಿ ಬಂದಿದ್ದ ತುರ್ಕಿ ಸೈನಿಕರು ಪ್ರಮುಖರು. ಅಲ್ಲಿಯೂ ಕೊರಿಯನ್ನರು ನೋಡಿದ್ದು ಜನರ ನಡತೆಯನ್ನು, ಹಣೆಪಟ್ಟಿಯನ್ನಲ್ಲ.

ಈಗ ನಮ್ಮ ಅಂಗಳಕ್ಕೆ ಬರೋಣ. ಬುರ್ಖಾ ಧರಿಸಿದವಳಿಗೆ ಓದು ಬರೆಹ ಬಾರದೆಂದು ಬಸ್ಸಿನಲ್ಲಿ ಪಕ್ಕದವರು ಎಣಿಸಿದಾಗ ನಮಗೆ ನೋವಾಗುತ್ತದೆ. ಬಾಡಿಗೆ ಮನೆ ಕೇಳಲು ಹೋದಾಗ ಹೆಸರು ಕೇಳಿ ಬಾಗಿಲು ಮುಚ್ಚಿದರೆ ಕಣ್ಣು ತುಂಬುತ್ತದೆ. ಆದರೆ ಅದೇ ನಾವು, ಘಟ್ಟದ ಮೇಲಿನ ಸೊಸೆ ಬಂದರೆ ‘ಆ ಕಡೆಯವರು ಹಾಗೆಯೇ’ ಎನ್ನುವುದಿಲ್ಲವೇ? ಕಟ್ಟಡ ಕೆಲಸಕ್ಕೆ ಬಂದ ಬಂಗಾಳದ, ಬಿಹಾರದ ಹುಡುಗರನ್ನು ಕಂಡರೆ ಚಪ್ಪಲಿ ಒಳಗಿಡಲು ಮಕ್ಕಳಿಗೆ ಹೇಳುವುದಿಲ್ಲವೇ? ನೆರೆಯ ಹಿಂದೂ ಸಹೋದರಿಯ ಬಗ್ಗೆ, ಇನ್ನೊಂದು ಜಮಾಅತ್‌ನವರ ಬಗ್ಗೆ ಮಕ್ಕಳ ಎದುರಲ್ಲೇ ಒಂದೇ ಮಾತಿನ ತೀರ್ಪು ಕೊಡುವುದಿಲ್ಲವೇ? ಮಕ್ಕಳು ಮದ್ರಸದಲ್ಲಿ ಹುಜುರಾತ್ ಅಧ್ಯಾಯವನ್ನು ಬಾಯಿಪಾಠ ಮಾಡಿ ಬರುತ್ತಾರೆ, ಅದರ ವಿರುದ್ಧದ ಪಾಠವನ್ನು ಅಡುಗೆ ಮನೆಯಲ್ಲಿ ಕಲಿಯುತ್ತಾರೆ.

ಮಗಳು ಕೊರಿಯಾದ ಧಾರಾವಾಹಿ ನೋಡುತ್ತಿದ್ದರೆ ಅದರಲ್ಲಿ ಏನಿದೆ, ಏನಿಲ್ಲ ಎಂದು ಅವಳೊಡನೆ ಕುಳಿತು ಮಾತನಾಡಿ. ನೋಡಬಾರದ್ದನ್ನು ನೋಡಬಾರದೆಂದೇ ಹೇಳಿ. ಆದರೆ ನಾಯಿ ಮಾಂಸದ ಗೇಲಿಯಿಂದ ಅವಳನ್ನು ತಡೆಯಲು ಹೋಗಬೇಡಿ. ಅವಳ ಮೆಚ್ಚುಗೆಯೂ ಪೂರ್ತಿ ಸತ್ಯವಲ್ಲವೆಂದು ತಿಳಿಸಿ, ರಟ್ಟು ಹೆಕ್ಕುವ ಅಜ್ಜಿಯರ ಬಗ್ಗೆ, ಯಮನ್‌ನ ಸಂತ್ರಸ್ತರ ಬಗ್ಗೆ ಹೇಳಿ. ಮನೆಯಲ್ಲಿ ಯಾರಾದರೂ ‘ಅವರೆಲ್ಲ ಹಾಗೆಯೇ’ ಎಂದರೆ ‘ನೀವು ಅವರಲ್ಲಿ ಎಷ್ಟು ಮಂದಿಯೊಡನೆ ಊಟ ಮಾಡಿದ್ದೀರಿ?’ ಎಂದು ಮೆಲ್ಲನೆ ಕೇಳಿ. ಯಾರೊಡನೆಯೂ ಇಲ್ಲವೆಂದಾದರೆ ಈ ವಾರವೇ ಒಬ್ಬರನ್ನು ಊಟಕ್ಕೆ ಕರೆಯಬಹುದಲ್ಲವೇ? ಅದು ಪಕ್ಕದ ಮನೆಯಿಂದಲೇ ಆರಂಭವಾಗಲಿ.

ಗುಮಾನಿಯಿಂದ ನಮ್ಮ ಮನಸ್ಸನ್ನೂ, ಗೇಲಿಯಿಂದ ನಮ್ಮ ನಾಲಗೆಯನ್ನೂ ಕಾಪಾಡುವ ಸೌಭಾಗ್ಯವನ್ನು ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ಕರುಣಿಸಲಿ. ಆಮೀನ್.